ಗಣಿ ತೆರಿಗೆ, ಕಳ್ಳ ಲೆಕ್ಕ, ದೇಶ ದಾಟುವ ದುಡ್ಡು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ತೆರಿಗೆ ಲೆಕ್ಕ ಬರೆಯುವುದು ನನ್ನ ಕೆಲಸ. ಕಲ್ಲು ಕ್ವಾರಿ, ಜಂಬಿಟ್ಟಿಗೆ, ಮರಳು, ಲಾರಿ ಇವರ ಫೈಲುಗಳು ನನ್ನ ಮೇಜಿನ ಮೇಲೆ ಜಾಸ್ತಿ. ಗಣಿಯ ಹಣ ಎಲ್ಲಿ ಸೋರುತ್ತದೆ ಎಂದು ಊರಿನವರು, ಕಾಲೇಜಿನ ಮಕ್ಕಳು, ಪಂಚಾಯಿತಿ ಸದಸ್ಯರು ಆಗಾಗ ಕೇಳುತ್ತಾರೆ. ಅವರು ಕೇಳಿದ್ದನ್ನೇ ಇಲ್ಲಿ ಒಟ್ಟಿಗೆ ಇಟ್ಟು ಉತ್ತರ ಬರೆದಿದ್ದೇನೆ.

ಗಣಿಯ ಹಣ ಸೋರುವುದು ಆಫ್ರಿಕಾದ ವಿಷಯ, ಹೆಚ್ಚೆಂದರೆ ಬಳ್ಳಾರಿಯದ್ದು. ಮಲೆನಾಡಿನವರಿಗೆ ಇದು ಯಾಕೆ?

ನಮ್ಮ ಕಡೆ ಗಣಿ ಹೊಸದೇನಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಬಂದಿದ್ದು ಕೆಮ್ಮಣ್ಣುಗುಂಡಿಯಿಂದ. ಕುದುರೆಮುಖದ ಅದಿರು ಗಾರೆಯಂತೆ ನೀರಲ್ಲಿ ಕಲಸಿಕೊಂಡು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟ ಮೇಲೆ 2005ರ ಕೊನೆಗೆ ಅಲ್ಲಿ ಅಗೆಯುವುದು ನಿಂತಿತು. ಸಾಗರ ತಾಲ್ಲೂಕಿನ ಅಂಬಾರಗುಡ್ಡದಲ್ಲಿ ಮ್ಯಾಂಗನೀಸ್ ತೆಗೆಯುವುದರ ವಿರುದ್ಧ ಜನ ಬೀದಿಗಿಳಿದಿದ್ದರು. ಆಮೇಲೆ ಆ ಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

ಇವತ್ತಿಗೂ ಹೊಸನಗರ, ಸಾಗರದ ಕಡೆ ಹೋದರೆ ಜಂಬಿಟ್ಟಿಗೆ ತೆಗೆದ ಚೌಕ ಚೌಕ ಹೊಂಡಗಳು ಕಾಣುತ್ತವೆ. ಮಳೆಗಾಲದಲ್ಲಿ ಅವುಗಳಲ್ಲಿ ಕೆಂಪು ನೀರು ನಿಂತಿರುತ್ತದೆ. ಆ ಹೊಂಡದಿಂದ ಎಷ್ಟು ಕಲ್ಲು ಹೋಯಿತು, ಎಷ್ಟಕ್ಕೆ ರಾಜಧನ (ರಾಯಲ್ಟಿ) ಕಟ್ಟಿದರು ಎಂಬ ಪ್ರಶ್ನೆಯೂ ಆಫ್ರಿಕಾದ ಜಾಂಬಿಯಾ ದೇಶದ ತಾಮ್ರದ ಪ್ರಶ್ನೆಯೂ ಒಂದೇ ಜಾತಿಯದ್ದು. ಅಳತೆ ಮಾತ್ರ ಬೇರೆ.

ರಾಜಧನ ಅಂದರೆ ತೆರಿಗೆ ಅಲ್ವಾ?

ಅಲ್ಲ. ಇಷ್ಟು ಸಣ್ಣ ಪ್ರಶ್ನೆಗೆ ನಮ್ಮ ಕೋರ್ಟುಗಳು ದಶಕಗಳನ್ನೇ ತೆಗೆದುಕೊಂಡವು. ರಾಜಧನವೂ ತೆರಿಗೆಯೇ ಎಂದು 1989ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಎಂಟು ಜನ ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಒಪ್ಪದೆ ಪ್ರತ್ಯೇಕ ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ರಾಜಧನ ಎಂದರೆ ಗುತ್ತಿಗೆ ಹಿಡಿದವನು ಖನಿಜ ತೆಗೆದುಕೊಂಡಿದ್ದಕ್ಕೆ ಕೊಡುವ ಪ್ರತಿಫಲ, ಅದರ ಜೊತೆಗೆ ರಾಜ್ಯಗಳು ಗಣಿ ಹಕ್ಕಿನ ಮೇಲೆ ಬೇರೆ ತೆರಿಗೆ ಹಾಕಬಹುದು ಎಂದು ಬಹುಮತದ ತೀರ್ಪು ಹೇಳಿತು. ಹಳೇ ಬಾಕಿಯನ್ನೂ 2005ರ ಏಪ್ರಿಲ್ 1ರಿಂದ ಈಚಿನದ್ದಾದರೆ ವಸೂಲಿ ಮಾಡಬಹುದು, ಆದರೆ 12 ವರ್ಷಗಳ ಕಂತಿನಲ್ಲಿ ಎಂದು ಆಗಸ್ಟ್‌ನಲ್ಲಿ ಸೇರಿಸಿತು.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಮಾಲೀಕತನ. ಆದಾಯ ತೆರಿಗೆ ಲಾಭ ಬಂದರೆ ಕಟ್ಟುವುದು. ರಾಜಧನ ಹಾಗಲ್ಲ. ಅದಿರು ಹೊರಗೆ ಬಂತು ಎಂದರೆ ಲಾಭವೋ ನಷ್ಟವೋ, ಕೊಡಲೇಬೇಕು. ಅದು ನಮ್ಮ ವಸ್ತುವಿನ ಕ್ರಯ.

ಹಾಗಾದರೆ ಗಣಿಯವರು ಒಟ್ಟು ಏನೇನು ಕಟ್ಟಬೇಕು?

ಕಬ್ಬಿಣದ ಅದಿರಿಗೆ ಸರಾಸರಿ ಮಾರಾಟ ಬೆಲೆಯ ಶೇ 15 ರಾಜಧನ. ಗಣಿಯಿಂದ ತೊಂದರೆ ಆದ ಜನರಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಆ ರಾಜಧನದ ಶೇ 30, ಹರಾಜಿನಲ್ಲಿ ಹಿಡಿದ ಗಣಿಯಾದರೆ ಶೇ 10. ಖನಿಜ ಶೋಧನೆಯ ಟ್ರಸ್ಟಿಗೆ ಸಣ್ಣ ಪಾಲು. ಹರಾಜಿನ ಗಣಿಗೆ ಬೇರೆ ಪ್ರೀಮಿಯಂ. ಆಮೇಲೆ ಜಿಎಸ್‌ಟಿ, ಆದಾಯ ತೆರಿಗೆ. ಕೆಲಸವನ್ನೇ ಮಾಡದೆ ಸುಮ್ನೆ ಗುತ್ತಿಗೆ ಹಿಡಿದು ಕೂತರೂ ಡೆಡ್ ರೆಂಟ್ ಇರುತ್ತದೆ. ಜಲ್ಲಿ, ಮರಳು, ಜಂಬಿಟ್ಟಿಗೆ ಇವೆಲ್ಲ ಉಪಖನಿಜಗಳು. ಅವುಗಳ ನಿಯಮ ಮಾಡುವ ಅಧಿಕಾರ 1957ರ ಗಣಿ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರದ್ದು.

ಅಕ್ರಮ ಹಣದ ಹರಿವು ಅಂದರೆ ಹವಾಲಾ, ಸೂಟ್‌ಕೇಸು, ಅದೇನಾ?

ಅದೂ ಸೇರುತ್ತದೆ. ಆದರೆ ಗಣಿಯಲ್ಲಿ ಹೆಚ್ಚಿನದ್ದು ಬ್ಯಾಂಕ್ ಮೂಲಕವೇ, ಬಿಲ್ಲು ಸೀಲು ಎಲ್ಲ ಇಟ್ಟುಕೊಂಡೇ ಹೋಗುತ್ತದೆ. ಹಣ ಹುಟ್ಟಿದ ರೀತಿ, ಹೋದ ದಾರಿ, ಬಳಕೆಯಾದ ಜಾಗ ಇವುಗಳಲ್ಲಿ ಯಾವುದಾದರೂ ಒಂದು ಕಾನೂನಿಗೆ ವಿರುದ್ಧವಾಗಿದ್ದು, ಹಣ ಗಡಿ ದಾಟಿದರೆ ಅದು ಅಕ್ರಮ ಹರಿವು.

ದಕ್ಷಿಣ ಆಫ್ರಿಕಾದ ಮಾಜಿ ಅಧ್ಯಕ್ಷ ಥಾಬೊ ಎಂಬೆಕಿ ನೇತೃತ್ವದ ಸಮಿತಿ 2015ರಲ್ಲಿ ಕೊಟ್ಟ ವರದಿಯ ಪ್ರಕಾರ ಆಫ್ರಿಕಾದಿಂದ ವರ್ಷಕ್ಕೆ 5,000 ಕೋಟಿ ಡಾಲರ್‌ಗೂ ಜಾಸ್ತಿ ಹೀಗೆ ಹೊರಗೆ ಹೋಗುತ್ತದೆ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ 2020ರಲ್ಲಿ ಮಾಡಿದ ಅಂದಾಜು ಇನ್ನೂ ದೊಡ್ಡದು, 8,860 ಕೋಟಿ ಡಾಲರ್. ಎಂಬೆಕಿ ವರದಿ ಓದುವಾಗ ನಾನು ತಡೆದು ನಿಂತಿದ್ದು ಒಂದು ಕಡೆ. ಲಂಚದ ಹಣಕ್ಕಿಂತ ಕಂಪನಿಗಳ ವ್ಯಾಪಾರದ ಲೆಕ್ಕದಲ್ಲಿ ಸೋರುವುದೇ ಎಷ್ಟೋ ಪಟ್ಟು ಜಾಸ್ತಿ ಎಂದು ಅದು ಹೇಳುತ್ತದೆ. ನಾವು ಮಾತ್ರ ಲಂಚದ ಸುದ್ದಿ ಬಂದಾಗಷ್ಟೇ ಸಿಟ್ಟಾಗುತ್ತೇವೆ.

ಬಿಲ್ಲು ಸರಿಯಾಗಿದ್ದರೆ ಮೋಸ ಹೇಗೆ ಸಾಧ್ಯ?

ಅಡಿಕೆ ಲೆಕ್ಕದಲ್ಲಿ ಹೇಳುತ್ತೇನೆ, ಬೇಗ ತಲೆಗೆ ಹೋಗುತ್ತದೆ.

ಬೆಂಗಳೂರಲ್ಲಿರುವ ಚಿಕ್ಕಮ್ಮನ ತೋಟವನ್ನು ನೀವು ಪಾಲಿಗೆ ಮಾಡುತ್ತಿದ್ದೀರಿ ಅಂದುಕೊಳ್ಳಿ. ಮಾರಿದ್ದರಲ್ಲಿ ಅರ್ಧ ಅವರಿಗೆ. ರಾಶಿ ಅಡಿಕೆ ಕ್ವಿಂಟಲ್‌ಗೆ 50,000 ರೂಪಾಯಿ ನಡೆಯುತ್ತಿದೆ. ನೀವು ಅದನ್ನು ಪೇಟೆಗೆ ಹಾಕದೆ, ನಿಮ್ಮ ಭಾವನ ಹೆಸರಲ್ಲಿ ನೀವೇ ಇಟ್ಟಿರುವ ಮಂಡಿಗೆ 30,000ಕ್ಕೆ ಹಾಕುತ್ತೀರಿ. ಚೀಟಿ ಇದೆ, ಸಹಿ ಇದೆ. ಚಿಕ್ಕಮ್ಮನಿಗೆ 15,000 ಕಳಿಸುತ್ತೀರಿ. ಎರಡು ದಿನ ಬಿಟ್ಟು ಭಾವನ ಮಂಡಿ ಅದೇ ಮೂಟೆಯನ್ನು 50,000ಕ್ಕೆ ಮಾರುತ್ತದೆ. ಚಿಕ್ಕಮ್ಮನಿಗೆ ಬರಬೇಕಿದ್ದ 10,000 ನಿಮ್ಮ ಮನೆಯಲ್ಲೇ ಉಳಿಯಿತು. ಅವರ ಕೈಯಲ್ಲಿರುವ ಚೀಟಿಯಲ್ಲಿ ಒಂದಕ್ಷರವೂ ತಪ್ಪಿಲ್ಲ.

ಚಿಕ್ಕಮ್ಮನ ಜಾಗದಲ್ಲಿ ಒಂದು ದೇಶದ ಜನರನ್ನು ಇಡಿ. ಭಾವನ ಮಂಡಿಯನ್ನು ಸ್ವಿಟ್ಜರ್ಲೆಂಡಿನಲ್ಲೋ ಸಿಂಗಪುರದಲ್ಲೋ ಇಡಿ, ಯಾಕೆಂದರೆ ಅಲ್ಲಿ ಲಾಭದ ಮೇಲಿನ ತೆರಿಗೆ ಕಡಿಮೆ. ಒಂದೇ ಮನೆತನದ ಎರಡು ಕಂಪನಿಗಳು ತಮ್ಮೊಳಗೆ ಹಾಕಿಕೊಳ್ಳುವ ಬೆಲೆಗೆ ಟ್ರಾನ್ಸ್‌ಫರ್ ಪ್ರೈಸಿಂಗ್ ಎನ್ನುತ್ತಾರೆ. ಹಾಗೆ ಬೆಲೆ ಹಾಕುವುದು ತಪ್ಪಲ್ಲ. ಆದರೆ ಸಂಬಂಧವಿಲ್ಲದ ಇಬ್ಬರು ವ್ಯಾಪಾರ ಮಾಡಿದರೆ ಯಾವ ಬೆಲೆ ಬರುತ್ತಿತ್ತೋ ಅದೇ ಇರಬೇಕು ಎನ್ನುವುದು ನಿಯಮ.

ಇನ್ನೊಂದು ದಾರಿ ದರ್ಜೆ. ಅಡಿಕೆಯಲ್ಲಿ ಮೇಲಿನ ದರ್ಜೆಯ ಸರಕನ್ನು ಕೆಳಗಿನ ದರ್ಜೆಯ ಗೊರಬಲು ಎಂದು ಬರೆದರೆ ಎಷ್ಟು ಕಳೆದುಕೊಳ್ಳುತ್ತೇವೆ ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅದಿರಿನಲ್ಲೂ ಹಾಗೇ. ಕಬ್ಬಿಣದ ಅಂಶ ಎಷ್ಟು ಶೇಕಡಾ ಎಂಬುದರ ಮೇಲೆ ಬೆಲೆ, ಬೆಲೆಯ ಮೇಲೆ ರಾಜಧನ. ಒಂದು ಹಂತ ಕೆಳಗೆ ಬರೆದರೆ ಸಾಕು. ತಾಮ್ರದ ಸಾಂದ್ರದಲ್ಲಿ, ಅಂದರೆ ಅದಿರನ್ನು ಪುಡಿ ಮಾಡಿ ಕಲ್ಲುಮಣ್ಣು ಬೇರ್ಪಡಿಸಿದ ಸರಕಿನಲ್ಲಿ, ಚೂರು ಚೂರು ಚಿನ್ನ, ಬೆಳ್ಳಿ ಇರುತ್ತದೆ. ಅದನ್ನು ಪರೀಕ್ಷೆ ಮಾಡಿ ನೋಡುವ ಪ್ರಯೋಗಾಲಯ ಸರ್ಕಾರದ ಬಳಿ ಇಲ್ಲದಿದ್ದರೆ ಕಂಪನಿ ಬರೆದಿದ್ದೇ ಲೆಕ್ಕ.

ಬೆಲೆ, ದರ್ಜೆ ಬಿಟ್ಟರೆ?

ತೂಕ. ನಾನು ಕಣ್ಣಾರೆ ಕಂಡಿದ್ದು ಇದನ್ನೇ. ಕೆಲವು ವರ್ಷದ ಹಿಂದೆ ಒಬ್ಬ ಲಾರಿ ಮಾಲೀಕರು ರಬ್ಬರ್ ಬ್ಯಾಂಡ್ ಹಾಕಿದ ಎರಡು ಕಂತೆ ತಂದಿಟ್ಟರು. ಒಂದು ಕಲ್ಲು ಸಾಗಿಸಲು ಇಲಾಖೆ ಕೊಡುವ ಪರ್ಮಿಟ್ ಚೀಟಿಗಳದ್ದು, ಇನ್ನೊಂದು ಡೀಸೆಲ್ ಬಿಲ್ಲುಗಳದ್ದು. "ಸಾರ್, ಡೀಸೆಲ್ ಪೂರ್ತಿ ಖರ್ಚಿಗೆ ಹಾಕಿ" ಎಂದರು. ಆ ವಾರದ ಪರ್ಮಿಟ್ ಎಣಿಸಿದೆ, 9 ಟ್ರಿಪ್. ಡೀಸೆಲ್ ನೋಡಿದರೆ ಹತ್ತಿರ ಹತ್ತಿರ 22 ಟ್ರಿಪ್ ಓಡಿರಬೇಕು. ಕೆಲವು ಪರ್ಮಿಟ್ ಹಾಳೆ ಮಡಿಸಿ ಮಡಿಸಿ ಮಡಿಕೆಯಲ್ಲಿ ಹರಿದಿತ್ತು, ಬೆವರಿಗೆ ಅಕ್ಷರ ಹರಡಿತ್ತು. ಒಂದು ಸಲ ತೋರಿಸಿ ಕೊಟ್ಟ ಚೀಟಿ ಹಾಗಾಗುವುದಿಲ್ಲ. ಒಂದೇ ಪಾಸಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕಲ್ಲು ಹೊಡೆದಿದ್ದಾರೆ. ಎರಡು ಕಂತೆಯನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿ, ನನ್ನಿಂದ ಆಗುವುದಿಲ್ಲ ಎಂದು ಫೈಲು ವಾಪಸ್ ಕೊಟ್ಟೆ. ಆವತ್ತಿನಿಂದ ಯಾವ ಗಣಿ ಲೆಕ್ಕ ಬಂದರೂ ಮೊದಲು ಡೀಸೆಲ್ ಮತ್ತು ಕರೆಂಟ್ ಬಿಲ್ಲು ನೋಡುತ್ತೇನೆ. ಅಗೆದಿದ್ದನ್ನು ಬಚ್ಚಿಡಬಹುದು, ಅಗೆಯಲು ಸುಟ್ಟ ಡೀಸೆಲ್ ಬಚ್ಚಿಡುವುದು ಕಷ್ಟ.

ದೊಡ್ಡ ಕಂಪನಿಗಳಿಗೆ ಇನ್ನೂ ಎರಡು ದಾರಿ ಇವೆ. ಹೊರದೇಶದ ತಮ್ಮದೇ ಸಂಸ್ಥೆಯಿಂದ ಭಾರಿ ಬಡ್ಡಿಗೆ ಸಾಲ ತೆಗೆಯುವುದು ಒಂದು. ಲಾಭ ಬಡ್ಡಿಯ ಹೆಸರಲ್ಲಿ ಹೊರಗೆ ಹೋಗುತ್ತದೆ, ಇಲ್ಲಿ ಪುಸ್ತಕದಲ್ಲಿ ನಷ್ಟ. ಇನ್ನೊಂದು, ಸಲಹೆ, ಆಡಳಿತ, ಯಂತ್ರದ ಬಾಡಿಗೆ ಎಂದು ಮನೆಯೊಳಗೇ ಫೀಸು ಕಟ್ಟಿಕೊಳ್ಳುವುದು.

ನಿಜವಾಗಿ ಸಿಕ್ಕಿಬಿದ್ದ ಉದಾಹರಣೆ ಇದೆಯಾ?

ಜಾಂಬಿಯಾದ್ದು ಎಲ್ಲರೂ ಓದಬೇಕಾದ ಕೇಸು. ಅಲ್ಲಿನ ಮೊಪಾನಿ ಎಂಬ ತಾಮ್ರದ ಗಣಿ ತನ್ನ ತಾಮ್ರವನ್ನು ಸ್ವಿಟ್ಜರ್ಲೆಂಡಿನ ಗ್ಲೆನ್‌ಕೋರ್ ಸಮೂಹಕ್ಕೆ ಮಾರುತ್ತಿತ್ತು. ಮೊಪಾನಿ ಇದ್ದಿದ್ದೂ ಅದೇ ಸಮೂಹದಲ್ಲಿ. ಬೆಲೆ ಕಡಿಮೆ ಹಾಕಿದ್ದೀರಿ ಎಂದು ತೆರಿಗೆ ಇಲಾಖೆ 2006ರಿಂದ 2009ರವರೆಗಿನ ವರ್ಷಗಳಿಗೆ ಮರುಲೆಕ್ಕ ಮಾಡಿತು. ಕಂಪನಿ ಕೋರ್ಟಿಗೆ ಹೋಯಿತು. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇಲಾಖೆ ಪರ ತೀರ್ಪು ಕೊಟ್ಟಿತು. ಮೊತ್ತ ಸುಮಾರು 1.3 ಕೋಟಿ ಡಾಲರ್. ಗೆದ್ದರು, ನಿಜ. ಆದರೆ ಗೆಲ್ಲುವ ಹೊತ್ತಿಗೆ ಹತ್ತು ವರ್ಷದ ಮೇಲಾಗಿತ್ತು.

ಕಾಂಗೋದ ಕಥೆ ಇನ್ನೊಂದು ಥರ. ಅಲ್ಲಿ ಅದಿರಲ್ಲ, ಗಣಿಯನ್ನೇ ಕಡಿಮೆ ಬೆಲೆಗೆ ಮಾರಿದರು. ಕೋಫಿ ಅನ್ನಾನ್ ಅಧ್ಯಕ್ಷತೆಯ ಆಫ್ರಿಕಾ ಪ್ರಗತಿ ಸಮಿತಿ 2013ರಲ್ಲಿ ಲೆಕ್ಕ ಹಾಕಿತು. 2010ರಿಂದ 2012ರ ನಡುವಿನ ಬರೀ ಐದು ವ್ಯವಹಾರಗಳಲ್ಲಿ ದೇಶ ಕಳೆದುಕೊಂಡಿದ್ದು 136 ಕೋಟಿ ಡಾಲರ್. ಆ ದೇಶದ ಆರೋಗ್ಯ ಮತ್ತು ಶಿಕ್ಷಣದ ಒಂದು ವರ್ಷದ ಬಜೆಟ್ ಎರಡೂ ಕೂಡಿಸಿದರೂ ಇದರ ಅರ್ಧದಷ್ಟೇ. ಖರೀದಿಸಿದವರು ವಿದೇಶಿ ದ್ವೀಪಗಳಲ್ಲಿ ನೋಂದಣಿಯಾದ, ಮಾಲೀಕರು ಯಾರೆಂದು ಕಾಣದ ಕಂಪನಿಗಳು.

ಟಾಂಜಾನಿಯಾ 2017ರಲ್ಲಿ ಸಾಂದ್ರದ ರಫ್ತನ್ನೇ ತಡೆದು, ಅಕೇಷಿಯಾ ಎಂಬ ಚಿನ್ನದ ಕಂಪನಿಗೆ 19,000 ಕೋಟಿ ಡಾಲರ್ ಬಾಕಿಯ ನೋಟಿಸ್ ಕೊಟ್ಟಿತು. ಕಂಪನಿ ಒಪ್ಪಲಿಲ್ಲ. ಕೊನೆಗೆ ಮಾತುಕತೆ ಮುಗಿದಿದ್ದು 30 ಕೋಟಿ ಡಾಲರ್ ಮತ್ತು ಗಣಿಗಳಲ್ಲಿ ಶೇ 16ರ ಪಾಲಿಗೆ. ಎರಡು ಅಂಕಿಗಳ ನಡುವಿನ ದೂರ ನೋಡಿ. ಕಂಟೇನರ್ ಒಳಗೆ ಚಿನ್ನ ಎಷ್ಟಿದೆ ಎಂಬುದಕ್ಕೆ ಇಬ್ಬರೂ ಒಪ್ಪುವ ಅಳತೆ ಮೊದಲೇ ಇದ್ದಿದ್ದರೆ ಜಗಳ ಅಷ್ಟು ದೂರ ಹೋಗುತ್ತಿರಲಿಲ್ಲ.

ಬಳ್ಳಾರಿಯಲ್ಲಿ ಆಗಿದ್ದೂ ಇದೇನಾ?

ಬಹುಪಾಲು ಇದೇ. ಆ ವರ್ಷಗಳಲ್ಲಿ ಯಲ್ಲಾಪುರದ ನೆಂಟರ ಮನೆಗೆ ಹೋದವರಿಗೆ ನೆನಪಿರುತ್ತದೆ. ಅರಬೈಲು ಘಟ್ಟದಲ್ಲಿ ಅದಿರು ಲಾರಿಗಳ ಸಾಲು, ರಸ್ತೆ ಪಕ್ಕದ ಎಲೆಗಳ ಮೇಲೆಲ್ಲ ಕೆಂಪು ಧೂಳು. ಎಲ್ಲ ಹೋಗುತ್ತಿದ್ದಿದ್ದು ಅಂಕೋಲಾ ಬಳಿಯ ಬೇಲೆಕೇರಿ ಬಂದರಿಗೆ. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಸುಮಾರು 5 ಲಕ್ಷ ಟನ್ ಅದಿರಿನಲ್ಲಿ ಹೆಚ್ಚಿನದ್ದು ಆಮೇಲೆ ನಾಪತ್ತೆಯಾಯಿತು. ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದಿತು. ಪರ್ಮಿಟ್ ಇಲ್ಲದೆ ಸಾಗಣೆ, ಓವರ್‌ಲೋಡ್, ಗುತ್ತಿಗೆಯ ಗಡಿ ದಾಟಿ ಅಗೆತ ಎಲ್ಲವೂ ಅದರಲ್ಲಿದೆ.

ಆದರೆ ಕದಿಯದೆ ಕಾನೂನು ಪ್ರಕಾರವೇ ಕಟ್ಟಿದವರಿಂದಲೂ ನಮಗೆ ಬಂದಿದ್ದು ಪುಡಿಗಾಸು. 2009ರ ಆಗಸ್ಟ್‌ವರೆಗೆ ಕಬ್ಬಿಣದ ಅದಿರಿನ ರಾಜಧನ ಟನ್ನಿಗೆ ಇಷ್ಟು ರೂಪಾಯಿ ಎಂದು ನಿಗದಿಯಾಗಿತ್ತು, ಒಳ್ಳೇ ದರ್ಜೆಗೂ 27 ರೂಪಾಯಿ ದಾಟುತ್ತಿರಲಿಲ್ಲ. ಅದೇ ಹೊತ್ತಲ್ಲಿ ಚೀನಾದ ಬೇಡಿಕೆಯಿಂದ ರಫ್ತು ಬೆಲೆ ಟನ್ನಿಗೆ ಸಾವಿರಾರು ರೂಪಾಯಿ. ಆಮೇಲೆ ಬೆಲೆಯ ಶೇ 10 ಆಯಿತು, 2014ರಲ್ಲಿ ಶೇ 15. ಈ ಒಂದು ಬದಲಾವಣೆ ಐದು ವರ್ಷ ಮುಂಚೆ ಆಗಿದ್ದರೆ ಎಷ್ಟು ಶಾಲೆ, ಎಷ್ಟು ಆಸ್ಪತ್ರೆ ಆಗುತ್ತಿತ್ತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಿದ್ದರೆ ದರ ಏರಿಸಿದರೆ ಸಾಕಲ್ವಾ?

ಸಾಲುವುದಿಲ್ಲ. ತೂಕ, ದರ್ಜೆ, ಬೆಲೆ ಈ ಮೂರನ್ನೂ ಗಣಿಯವನೇ ಬರೆಯುವುದಾದರೆ ಶೇ 15 ಇದ್ದರೂ ಅಷ್ಟೇ, ಶೇ 30 ಇದ್ದರೂ ಅಷ್ಟೇ. ದರ ಏರಿದಷ್ಟೂ ಕಡಿಮೆ ಬರೆಯುವ ಆಸೆ ಜಾಸ್ತಿಯಾಗುತ್ತದೆ. ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಗಳನ್ನು ನಿಲ್ಲಿಸಿದ ಮೇಲೆ ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು ಎಂದಿತು. ಭಾವನ ಮಂಡಿ ಬಂದ್ ಆಯಿತು ಅಂದುಕೊಳ್ಳಿ. ಯಾವ ದರ್ಜೆ ಎಷ್ಟಕ್ಕೆ ಹೋಯಿತು ಎಂದು ಎಲ್ಲರಿಗೂ ಕಾಣತೊಡಗಿತು. 2022ರ ಮೇನಲ್ಲಿ ಕೋರ್ಟ್ ಆ ಕಟ್ಟು ಸಡಿಲಿಸಿ ನೇರ ಮಾರಾಟಕ್ಕೂ ರಫ್ತಿಗೂ ಅವಕಾಶ ಕೊಟ್ಟಿತು. ಉದ್ಯಮಕ್ಕೆ ಅದು ಬೇಕಿತ್ತು ಎನ್ನುವ ವಾದ ನನಗೆ ಗೊತ್ತು. ಆದರೂ ಹರಾಜು ಉಳಿಯಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಬಡ ದೇಶಗಳು ಗಟ್ಟಿ ಕಾನೂನು ಮಾಡಬಹುದಲ್ಲ, ಯಾಕೆ ಮಾಡುವುದಿಲ್ಲ?

ಎಷ್ಟೋ ಕಡೆ ಕೈ ಕಟ್ಟಿರುತ್ತದೆ. ಗಣಿ ಬರಲಿ ಎಂಬ ಆತುರದಲ್ಲಿ, ಇಷ್ಟು ವರ್ಷ ತೆರಿಗೆ ಬದಲಿಸುವುದಿಲ್ಲ ಎಂದು ಬರೆದುಕೊಟ್ಟಿರುತ್ತಾರೆ. ಜಾಂಬಿಯಾ ಹೀಗೆ ತಾಮ್ರಕ್ಕೆ ಬರೀ ಶೇ 0.6 ರಾಜಧನ ಒಪ್ಪಿಕೊಂಡಿತ್ತು. 2008ರಲ್ಲಿ ಒಪ್ಪಂದ ಮುರಿದು ಶೇ 3 ಮಾಡಿ, ಬೆಲೆ ಏರಿದಾಗ ಹೆಚ್ಚುವರಿ ತೆರಿಗೆಯನ್ನೂ ತಂದಿತು. ಒಂದೇ ವರ್ಷದಲ್ಲಿ ಆ ಹೆಚ್ಚುವರಿ ತೆರಿಗೆ ವಾಪಸ್ ಹೋಯಿತು.

ಚೆನ್ನಾಗಿ ನಿಭಾಯಿಸಿದ ದೇಶ ಒಂದಾದರೂ ಇದೆಯಾ?

ಬೋಟ್ಸ್‌ವಾನಾ. 1966ರಲ್ಲಿ ಸ್ವತಂತ್ರವಾಯಿತು, ಮರುವರ್ಷ ಓರಾಪಾದಲ್ಲಿ ವಜ್ರ ಸಿಕ್ಕಿತು. ವಜ್ರದ ಕಂಪನಿಯಲ್ಲಿ ಸರ್ಕಾರ ಅರ್ಧ ಪಾಲು ಇಟ್ಟುಕೊಂಡಿತು. ಇನ್ನೂ ಮುಖ್ಯವಾದದ್ದು, ವಜ್ರಕ್ಕೆ ಬೆಲೆ ಕಟ್ಟುವ ಕೆಲಸಕ್ಕೆ ತನ್ನದೇ ಪರಿಣತರನ್ನು ಕೂರಿಸಿತು. 2013ರಲ್ಲಿ ಆ ಕಂಪನಿಯ ಇನ್ನೊಬ್ಬ ಪಾಲುದಾರನಾದ ಡಿ ಬೀರ್ಸ್ ತನ್ನ ಕಚ್ಚಾ ವಜ್ರದ ಮಾರಾಟವನ್ನೇ ಲಂಡನ್‌ನಿಂದ ಅಲ್ಲಿನ ರಾಜಧಾನಿ ಗ್ಯಾಬರೋನ್‌ಗೆ ತಂದಿತು. ವಜ್ರದ ಬೆಲೆ ಬಿದ್ದಾಗ ಆ ದೇಶಕ್ಕೂ ಕಷ್ಟ ಇದ್ದೇ ಇದೆ. ಆದರೆ ಚೀಟಿ ಬರೆಯುವ ಜಾಗದಲ್ಲಿ ಅವರು ತಾವೇ ಹೋಗಿ ನಿಂತರು.

ನಮ್ಮ ದೇಶದಲ್ಲಿ ಕಾನೂನು ಏನಿದೆ?

ಕಾನೂನಿಗೆ ಕೊರತೆ ಇಲ್ಲ. ಟ್ರಾನ್ಸ್‌ಫರ್ ಪ್ರೈಸಿಂಗ್ ನಿಯಮ 2001ರಿಂದ ಇದೆ. ಹೊರದೇಶದ ಸಂಬಂಧಿ ಕಂಪನಿಗೆ ಕಟ್ಟುವ ಬಡ್ಡಿಗೆ 2017ರಿಂದ ಮಿತಿ ಇದೆ. ತೆರಿಗೆ ತಪ್ಪಿಸಲೆಂದೇ ಕಟ್ಟಿದ ವ್ಯವಹಾರವನ್ನು ಒಪ್ಪದಿರುವ ಅಧಿಕಾರವೂ ಅದೇ ವರ್ಷದಿಂದ ಬಂತು. ಮಾರಿಷಸ್ ಜೊತೆಗಿನ 1983ರ ತೆರಿಗೆ ಒಪ್ಪಂದವನ್ನು 2016ರಲ್ಲಿ ತಿದ್ದಿದರು. ಗಣಿ ಕಾಯ್ದೆಯ 21ನೇ ಕಲಂ ಪ್ರಕಾರ ಅಕ್ರಮ ಗಣಿಗಾರಿಕೆಗೆ ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ತೆಗೆದ ಖನಿಜದ ಪೂರ್ತಿ ಬೆಲೆಯನ್ನೂ ವಸೂಲಿ ಮಾಡಬೇಕು ಎಂದು ಒಡಿಶಾದ ಕೇಸಿನಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಒಂದು ವಿಷಯಕ್ಕೆ ಮಾತ್ರ ನನಗೆ ಬೇಜಾರಿದೆ. ಗಣಿ ಕಂಪನಿ ಎಷ್ಟು ಕಟ್ಟಿತು, ಸರ್ಕಾರಕ್ಕೆ ಎಷ್ಟು ಬಂತು ಎಂದು ಎರಡೂ ಕಡೆಯ ಲೆಕ್ಕ ತಾಳೆ ನೋಡಿ ಪ್ರಕಟಿಸುವ ಒಂದು ಅಂತರರಾಷ್ಟ್ರೀಯ ವ್ಯವಸ್ಥೆ 2003ರಿಂದ ಇದೆ. ಆಫ್ರಿಕಾದ ಎಷ್ಟೋ ಬಡ ದೇಶಗಳು ಸೇರಿವೆ. ಭಾರತ ಸೇರಿಲ್ಲ.

ತೆರಿಗೆ ಉಳಿಸುವುದು, ತೆರಿಗೆ ಕದಿಯುವುದು ಎರಡೂ ಒಂದೇನಾ?

ಒಂದೇ ಅಲ್ಲ. ಕಾಯ್ದೆ ಕೊಟ್ಟ ವಿನಾಯಿತಿ ಬಳಸುವುದು ನಿಮ್ಮ ಹಕ್ಕು, ನಾನೂ ನನ್ನ ಗಿರಾಕಿಗಳಿಗೆ ದಿನಾ ಅದನ್ನೇ ಹೇಳಿಕೊಡುತ್ತೇನೆ. ಇಲ್ಲದ ವ್ಯವಹಾರ ಇದೆ ಎಂದೋ, ಇರುವುದನ್ನು ಇಲ್ಲ ಎಂದೋ ಬರೆದರೆ ಅದು ಕಳ್ಳತನ. ನಡುವೆ ಒಂದು ಬೂದು ಜಾಗ ಇದೆ, ದೊಡ್ಡ ವಕೀಲರಿಗೆಲ್ಲ ಕೆಲಸ ಇರುವುದು ಅಲ್ಲೇ.

ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ನಮ್ಮ ಊರಿಗೆ ಬರುತ್ತಾ?

ಬರಬೇಕು. 2015ರ ತಿದ್ದುಪಡಿ ಬಂದಿದ್ದೇ ಗಣಿಯಿಂದ ತೊಂದರೆ ಆದ ಜನರಿಗಾಗಿ. ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಆದ್ಯತೆ. ಕ್ವಾರಿ ಧೂಳಿಗೆ ಕೆಮ್ಮುತ್ತಿರುವ ಊರು, ಲಾರಿ ಓಡಿ ಹಾಳಾದ ಊರು ಮೊದಲು. ಕ್ವಾರಿ ಪಕ್ಕದ ಊರಿನವರು ಯಾವ ಭಯದಲ್ಲಿ ಬದುಕುತ್ತಾರೆ ಎಂದು 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನ ಕ್ವಾರಿ ಬಳಿ ಆದ ಸ್ಫೋಟ ತೋರಿಸಿತು. ನಮ್ಮ ಮನೆಯ ಕಿಟಕಿಗಳೂ ನಡುಗಿದ್ದವು, ಭೂಕಂಪ ಎಂದೇ ಎಲ್ಲರೂ ಹೊರಗೆ ಓಡಿದ್ದೆವು. ನಿಮ್ಮ ಪಂಚಾಯಿತಿಯಿಂದ ಕಾಮಗಾರಿ ಬೇಡಿಕೆ ಬರೆದು ಜಿಲ್ಲಾಡಳಿತಕ್ಕೆ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.

ಹಳ್ಳಿಯವನಾಗಿ ನಾನು ಏನು ಪತ್ತೆ ಮಾಡಬಹುದು?

ಸಾಕಷ್ಟು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಕಥೆ ಬರೆಯಬೇಡಿ. ಇಂಥ ಸರ್ವೆ ನಂಬರಿನ ಗುತ್ತಿಗೆಯ ಪ್ರತಿ, ಇಂಥ ತಿಂಗಳು ಕೊಟ್ಟ ಪರ್ಮಿಟ್ಟುಗಳ ಪಟ್ಟಿ, ಕಟ್ಟಿದ ರಾಜಧನ, ಇಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಅಷ್ಟರೊಳಗೆ ನಿಮ್ಮ ಕಡೆಯಿಂದ ಒಂದು ವಾರ ಲಾರಿ ಎಣಿಸಿ ಇಟ್ಟುಕೊಳ್ಳಿ. ಗೇಟಿನ ಹತ್ತಿರ ಹೋಗಿ ನಿಲ್ಲುವುದು ಬೇಡ, ಅಂಗಡಿ ಕಟ್ಟೆಯ ಮೇಲೆ ಕೂತರೂ ಲೆಕ್ಕ ಸಿಗುತ್ತದೆ. ಒಬ್ಬರೇ ಮಾಡಬೇಡಿ, ನಾಲ್ಕು ಜನ ಸೇರಿ ಮಾಡಿ.

ಪರ್ಮಿಟ್ ಚೀಟಿ ಕೈಗೆ ಸಿಕ್ಕರೆ ಏನು ನೋಡಬೇಕು?

ಲಾರಿ ನಂಬರ್, ಖನಿಜದ ಹೆಸರು, ಎಷ್ಟು ಟನ್, ಎಲ್ಲಿಂದ ಎಲ್ಲಿಗೆ. ಆಮೇಲೆ ಹೊರಟ ಸಮಯ ಮತ್ತು ಎಷ್ಟು ಗಂಟೆವರೆಗೆ ಚಾಲ್ತಿ ಎಂಬುದು. ಹೊಸನಗರದಿಂದ ಶಿವಮೊಗ್ಗಕ್ಕೆ ಬರುವ ಲಾರಿಗೆ ಇಡೀ ದಿನದ ಸಮಯ ಯಾಕೆ ಬೇಕು ಎಂದು ನೀವೇ ಲೆಕ್ಕ ಹಾಕಿ. ಆಮೇಲೆ ಹಾಳೆಯ ಮಡಿಕೆ ನೋಡಿ.